ಇಳಿವಯಸ್ಸಿನಲ್ಲಿ ಬಲಿತ ಚರ್ಮದ ಕ್ಯಾನ್ಸರ್

ಪ್ರಶ್ನೆ: ಹಿರಿಯರ ಅಂಗಾಲಿನಲ್ಲಿ ಮಾಯದೆ ಉಳಿದ ಹುಣ್ಣು ಕ್ಯಾನ್ಸರ್ ಆಗಿರಬಹುದೇ?

ಉತ್ತರ: ಆಗಿರಬಹುದು. ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್‌ಗೆ ಬಿಸಿಲೇ ಮುಖ್ಯ ಕಾರಣ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಆದ ಮೆಲನೋಮಾ ಭಾರತೀಯರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಬಿಸಿಲು ತಾಗದ ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಚರ್ಮದ ಮೇಲ್ಪದರದ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹಳೆಯ ಸುಟ್ಟ ಕಲೆಯಲ್ಲಿ, ವರ್ಷಗಟ್ಟಲೆ ಒಣಗದ ಗಾಯದಲ್ಲಿ ಹುಟ್ಟುವುದುಂಟು. ಭದ್ರಾ ನಾಲೆಯ ನೀರುಣ್ಣುವ ದಾವಣಗೆರೆ ಜಿಲ್ಲೆಯ ಕತ್ತಲಗೆರೆ ಸುತ್ತಿನ ಗದ್ದೆಗಳಲ್ಲಿ ಕಾಲಿಗೆ ಮುಳ್ಳು, ಕೂಳೆ ಚುಚ್ಚುವುದು ಮಾಮೂಲು. ಹಾಗಾಗಿ ಇಂಥ ಹುಣ್ಣು ಮುಳ್ಳಿನ ಗಾಯವೆಂದೋ ಸಕ್ಕರೆ ಕಾಯಿಲೆಯ ಹುಣ್ಣೆಂದೋ ಕಂಡು, ತೊಡೆಸಂದಿಯಲ್ಲಿ ಗಂಟು ಮೂಡುವವರೆಗೂ ಪಟ್ಟಿಯಲ್ಲೇ ದಿನ ಕಳೆದುಹೋಗುತ್ತದೆ. ಹುಣ್ಣಿನ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಇಲ್ಲದೆ ನಿರ್ಧಾರವಿಲ್ಲ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಪ್ರಶ್ನೆ: ಎಂಬತ್ತರ ವಯಸ್ಸಿನಲ್ಲಿ ಚಿಕಿತ್ಸೆ ತಡೆದುಕೊಳ್ಳಬಲ್ಲರೇ?

ಉತ್ತರ: ವಯಸ್ಸೊಂದನ್ನೇ ನೋಡಿ ಚಿಕಿತ್ಸೆ ನಿರಾಕರಿಸುವುದು ತಪ್ಪು. ನೋಡಬೇಕಾದ್ದು ಶಕ್ತಿ: ಸ್ವಂತವಾಗಿ ನಡೆದಾಡುತ್ತಾರೆಯೇ, ಊಟ ಸೇರುತ್ತದೆಯೇ, ಹೃದಯ, ಮೂತ್ರಪಿಂಡ, ನೆನಪು ಹೇಗಿವೆ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆಯೇ.

ಗಡ್ಡೆ ತೆಗೆಯಬಹುದಾದರೆ ಶಸ್ತ್ರಚಿಕಿತ್ಸೆಯೇ ಮೊದಲು. ಆಗದಿದ್ದಾಗ ವಿಕಿರಣ, ಪ್ರಯಾಣ ಕಷ್ಟವಾದವರಿಗೆ ಕಡಿಮೆ ಸರದಿಗಳಲ್ಲೂ ಕೊಡಬಹುದು. ಹರಡಿದ ಮೆಲನೋಮಾಕ್ಕೆ ಕೀಮೋಥೆರಪಿಯ ಉಪಯೋಗ ಅಲ್ಪ. ದೇಹದ ರೋಗನಿರೋಧಕ ಶಕ್ತಿಗೆ ಬಿದ್ದಿರುವ ತಡೆಯನ್ನು ತೆಗೆಯುವ ಇಮ್ಯುನೋಥೆರಪಿ ಈ ಚಿತ್ರವನ್ನು ಬದಲಿಸಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಮೆಲನೋಮಾ ಯಕೃತ್ತಿಗೂ ಮಿದುಳಿಗೂ ಹರಡಿತ್ತು. ಶಸ್ತ್ರಚಿಕಿತ್ಸೆ, ವಿಕಿರಣ, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಪಡೆದ ಅವರು 2024ರವರೆಗೆ, ನೂರು ತುಂಬಿಸಿ ಬದುಕಿದರು. ಎಲ್ಲರಿಗೂ ಈ ಫಲ ಸಿಗದು. ಅಂಗಾಲಿನ ಮೆಲನೋಮಾ ಈ ಔಷಧಿಗೆ ಬಗ್ಗುವುದು ಕಡಿಮೆ. ಬಲಿತ ಸ್ಕ್ವಾಮಸ್ ಕ್ಯಾನ್ಸರ್‌ಗೆ ಇದೇ ವರ್ಗದ ಸೆಮಿಪ್ಲಿಮ್ಯಾಬ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಈ ಔಷಧಿಗಳು ಕರುಳು, ಶ್ವಾಸಕೋಶ, ಥೈರಾಯ್ಡ್‌ಗಳಲ್ಲಿ ಉರಿಯೂತ ತರಬಲ್ಲವು. ಭೇದಿ, ಏದುಸಿರು, ವಿಪರೀತ ಸುಸ್ತು ಕಂಡರೆ ವಯಸ್ಸಿನ ದಣಿವೆಂದು ಸುಮ್ಮನಿರದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಪ್ರಶ್ನೆ: ಚಿಕಿತ್ಸೆ ಬೇಡವೆಂದು ಹಿರಿಯರೇ ಹೇಳಿದರೆ?

ಉತ್ತರ: ರೋಗದ ಹೆಸರನ್ನೇ ಅವರಿಂದ ಮುಚ್ಚಿಟ್ಟು ಮಕ್ಕಳೇ ತೀರ್ಮಾನಿಸುವುದು ನ್ಯಾಯವಲ್ಲ. ತಿಳಿದ ಮೇಲೂ ಬೇಡವೆಂದರೆ ಆ ಮಾತಿಗೆ ಬೆಲೆ ಕೊಡಬೇಕು. ಆಗಲೂ ನೋವಿಗೆ ಮಾರ್ಫಿನ್, ಹುಣ್ಣಿನ ದುರ್ವಾಸನೆಗೆ ಮೆಟ್ರೊನಿಡಜೋಲ್, ರಕ್ತಸ್ರಾವಕ್ಕೆ ವಿಕಿರಣ ಇವೆ.

ಪ್ರಶ್ನೆ: ಖರ್ಚಿನ ದಾರಿ?

ಉತ್ತರ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಸರ್ಕಾರದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಇಮ್ಯುನೋಥೆರಪಿ ದುಬಾರಿ, ಯೋಜನೆಯಲ್ಲಿ ಅದು ಸೇರಿದೆಯೇ ಎಂದು ಮೊದಲೇ ವಿಚಾರಿಸಬೇಕು. ಹೊರಡುವಾಗ ಬಯಾಪ್ಸಿ ವರದಿ, ಶಿಫಾರಸು ಪತ್ರ, ಆಧಾರ್, ಪಡಿತರ ಚೀಟಿ ಜೊತೆಗಿರಲಿ.