ಹಾಳೆತಟ್ಟೆ ಮೆಷಿನ್ನಿನ ಸಿಲಿಂಡರ್ ಸೀಳಿದ್ದು ಯಾಕೆ

ಸಿಲಿಂಡರ್ ಒಡೆದದ್ದು ಆಯಿಲ್ ಸರಿಯಿಲ್ಲದೆ ಅಂತ ಬೆಳ್ಳಾರೆ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದವರು ನಮ್ಮ ಭಾವ. ಹಾಗಾಗಿ ಲೆಕ್ಕವನ್ನು ಬರೆದೇ ಇಡುತ್ತೇನೆ.

ಅಡಿಕೆ ಹಾಳೆಯ ದೂಳು ಸೀಲ್ ದಾಟಿ ಸಿಲಿಂಡರಿನ ಹಳೆಯ ಬ್ಯಾರೆಲ್ಲಿನಲ್ಲಿ ಗೀರು ಬಿದ್ದಿತ್ತು. ಸಿಲಿಂಡರಿಗೆಂದೇ ಬರುವ ಹೋನ್ಡ್ ಟ್ಯೂಬ್ ತರಿಸುವ ಎಂದೆ. "ಅಷ್ಟು ದುಡ್ಡು ಯಾಕೆ ಮಾರಾಯ, ದಪ್ಪ ಪೈಪಿಗೆ ಬೋರ್ ಹಾಕಿಸಿದರೆ ಆಯ್ತಲ್ಲ" ಎಂದು ಭಾವ ಪುತ್ತೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟುಬಂದರು. ವಾಪಸ್ ಬಂದದ್ದು ಉದ್ದಕ್ಕೆ ವೆಲ್ಡಿಂಗ್ ಇರುವ ಪೈಪ್. ಪೈಂಟಿನಡಿಯಲ್ಲಿ ಗೆರೆ ಕಾಣುತ್ತಿರಲಿಲ್ಲ.

ಅದನ್ನೇ ಹಾಕಿ ತಟ್ಟೆ ಮಾಡುತ್ತಿದ್ದೆವು. ಸಿಲಿಂಡರ್ ಸೀಳಿದ ಸಂಜೆ ಕೆಲಸದಾಕೆ ನೆನೆಸಿದ ಹಾಳೆಯನ್ನು ಡೈ ಮೇಲಿಟ್ಟು ಕೈ ತೆಗೆದದ್ದಷ್ಟೆ. ಗೇಜಿನ ಮುಳ್ಳು 150 ಬಾರ್ ಒತ್ತಡಕ್ಕೆ ಹತ್ತಿತು, ಟಪ್ ಎಂದಿತು. ಚಿಮ್ಮಿದ ಆಯಿಲ್ ಕಾದ ಡೈ ಮೇಲೆ ಬಿದ್ದು ಶೆಡ್ ತುಂಬ ಹೊಗೆ. ಕಣ್ಣು ಬಿಡಲಾಗದೆ ಗೋಡೆ ತಡವುತ್ತ ಮೈನ್ ಸ್ವಿಚ್ ಹುಡುಕಿದೆ. ಪಂಪು ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಭಾವ ಗೋಣಿ ಹಿಡಿದು ಸೀಳು ಮುಚ್ಚಲು ಹೊರಟಿದ್ದಾರೆ! ಅಂಗಿ ಹಿಡಿದು ಹಿಂದಕ್ಕೆಳೆದೆ. ಆ ಒತ್ತಡದ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಬೇಗ ಆಪರೇಷನ್ ಆಗದಿದ್ದರೆ ಬೆರಳೇ ಹೋದೀತು.

ಬಿಚ್ಚಿದಾಗ ಬ್ಯಾರೆಲ್ ಬಿದಿರಿನ ಹಾಗೆ ಉದ್ದಕ್ಕೆ, ವೆಲ್ಡಿಂಗ್ ಗೆರೆಯಲ್ಲೇ ಸೀಳಿತ್ತು. ಒಳಗಿನ ಒತ್ತಡ ಗೋಡೆಯನ್ನು ಉದ್ದಕ್ಕೆ ಎಳೆಯುವುದಕ್ಕಿಂತ ಸುತ್ತಲೂ ಎಳೆಯುವುದು ಸುಮಾರು ಎರಡು ಪಟ್ಟು; ಬೆಸುಗೆ ಬಿಡಲು ಅದಕ್ಕಿಂತ ಕೆಟ್ಟ ದಿಕ್ಕಿಲ್ಲ. ಕ್ಯಾಲಿಪರ್ ಹಿಡಿದರೆ ಒಂದು ಕಡೆ ದಪ್ಪ 5 ಮಿ.ಮೀ., ಬೆಸುಗೆಯ ಕಡೆ 3. ಬೋರ್ ಮಧ್ಯಕ್ಕೆ ಕೂತಿರಲಿಲ್ಲ. 63 ಮಿ.ಮೀ. ಬೋರು, 150 ಬಾರು: ಫ್ರೆಂಚ್ ಗಣಿತಜ್ಞ ಲಾಮೆಯ ಸೂತ್ರದಲ್ಲಿ 5 ಮಿ.ಮೀ. ಗೋಡೆಯ ಒಳಮೈಗೆ ಬರುವ ಎಳೆತ 103 ಮೆಗಾಪಾಸ್ಕಲ್, 3ಕ್ಕೆ 165. ಒಂದೇ ಸಲಕ್ಕಾದರೆ ಸಾಧಾರಣ ಉಕ್ಕೂ ಅದನ್ನು ತಡೆದುಕೊಳ್ಳುತ್ತದೆ. ಆದರೆ ಒಂದೊಂದು ತಟ್ಟೆಗೂ ಒತ್ತಡ ಹತ್ತಿ ಇಳಿಯುತ್ತದಲ್ಲ, ಬೆಸುಗೆಯೊಳಗಿನ ಸಣ್ಣ ಬಿರುಕು ಬೆಳೆಯುವುದೇ ಅದರಿಂದ. ಸೀಳಿನ ಅಂಚು ನೋಡಿ: ಒಳಭಾಗ ಆಯಿಲ್ ಕುಡಿದು ಕಪ್ಪಾಗಿದೆ, ಹೊರಗಿನ ಒಂದೆಳೆ ಮಾತ್ರ ಹೊಳೆಯುತ್ತದೆ. ಅಂದರೆ ಬಿರುಕು ಆ ಸಂಜೆಯದ್ದಲ್ಲ.

ಸುಳ್ಯ, ಕಡಬದ ಕಡೆ ಹಾಳೆತಟ್ಟೆ ಮಾಡುವವರು ಬೆಸುಗೆಯಿಲ್ಲದ ಟ್ಯೂಬನ್ನೇ ಕೇಳಿ. ದಪ್ಪವನ್ನು ಸುತ್ತಲೂ ಅಳೆಯಿರಿ, ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ತಟ್ಟೆ ಸರಿ ಕೂರುತ್ತಿಲ್ಲವೆಂದು ರಿಲೀಫ್ ವಾಲ್ವ್ ಬಿಗಿ ಮಾಡಬೇಡಿ. ಸೋರಿಕೆ ಹುಡುಕಲು ಕೈ ಬೇಡ, ರಟ್ಟು ಹಿಡಿಯಿರಿ.

ವರ್ಕ್‌ಶಾಪಿನವರು ಬೋರಿಂಗ್ ಕೂಲಿಯ ಬಾಕಿಗೆ ಮೊನ್ನೆಯೂ ಫೋನ್ ಮಾಡಿದ್ದರು. ಭಾವನ ನಂಬರ್ ಕೊಟ್ಟಿದ್ದೇನೆ.