ಗಾಳಿಯಿಂದ ಓಡುವ ಹಡಗು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಸಮುದ್ರ ಇಲ್ಲ. ಆದರೂ ನಮಗೂ ಹಡಗಿಗೂ ಹಳೇ ಸಂಬಂಧ. ಘಟ್ಟದ ಮೇಲಿನ ಕಾಳುಮೆಣಸು ಕೆಳಗಿಳಿದು ಹಡಗು ಹತ್ತುತ್ತಿತ್ತು. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು.

ಆಮೇಲಿನ ದೊಡ್ಡ ಕಥೆ ಹತ್ತಿಯದು. 150 ವರ್ಷಕ್ಕೂ ಹಿಂದೆ ಧಾರವಾಡ ಸೀಮೆಯ ಹತ್ತಿ ಶಿರಸಿ ಮೇಲೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿಂದ ಪತ್ತೆಮಾರಿ ಎಂಬ ಹಾಯಿ ಹಡಗಿನಲ್ಲಿ ಮುಂಬಯಿಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಸರಿಯಾಗಿ ಬರಲಿಲ್ಲ. ಆಗ ನಮ್ಮ ಕಡೆಯ ಹತ್ತಿಗೆ ಭಾರೀ ಬೆಲೆ ಬಂತು. ಬೆಳೆದದ್ದು ಧಾರವಾಡದ ಕಡೆ, ಇಂಗ್ಲೆಂಡಿನ ಪೇಟೆಯಲ್ಲಿ ಹೆಸರು ಮಾತ್ರ ಕುಮಟಾ ಹತ್ತಿ! ಧಾರವಾಡದವರಿಗೆ ಇದು ಅನ್ಯಾಯ ಅಂತ ನನಗೆ ಅನ್ನಿಸ್ತದೆ.

ಕುಮಟೆಯಿಂದ ಮುಂಬಯಿಗೆ ಒಂದು ಹನಿ ಎಣ್ಣೆಯೂ ಖರ್ಚಿಲ್ಲ. ಹೇಗೆ? ವಿಜ್ಞಾನ ಪಾಠದಲ್ಲಿ ಕಲಿತದ್ದೇ. ಹಗಲು ನೆಲ ಬೇಗ ಕಾಯ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗಕ್ಕೆ ಸಮುದ್ರದ ಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಹಡಗಿನವರು ಬೆಳಗಿನ ಜಾವದ ಗಾಳಿಯಲ್ಲಿ ಓರೆಯಾಗಿ ದೂರ ಹೋಗಿ, ಮಧ್ಯಾಹ್ನದ ಗಾಳಿಯಲ್ಲಿ ಓರೆಯಾಗಿ ದಡದ ಕಡೆ ಬರುತ್ತಿದ್ದರು. ಹೀಗೆ ಸೊಟ್ಟ ಸೊಟ್ಟ ಹೋಗಿಯೇ ಉತ್ತರಕ್ಕೆ ಮುಟ್ಟುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಹಡಗು ದಡದ ಮೇಲೆ.

ಆಮೇಲೆ ರೈಲು ಬಂತು, ಎಂಜಿನ್ ಬಂತು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಒಯ್ಯುವ ಮಂಜಿಗಳಿಗೂ ಡೀಸೆಲ್ ಎಂಜಿನ್ ಕೂಡಿಸಿದರು. ದೊಡ್ಡ ಹಡಗುಗಳಂತೂ ಡಾಂಬರಿನಂಥ ದಪ್ಪ ಎಣ್ಣೆಯನ್ನು ದಿನಕ್ಕೆ ಹತ್ತಾರು ಟನ್ ಸುಡುತ್ತವೆ. ಭೂಮಿಯನ್ನು ಬಿಸಿ ಮಾಡುವ ಅನಿಲದಲ್ಲಿ ನೂರಕ್ಕೆ ಸುಮಾರು 3 ಪಾಲು ಹಡಗುಗಳದ್ದು. ಹೊಗೆ ಬಿಡುವುದು ಎಲ್ಲೋ ಸಮುದ್ರದಲ್ಲಿ, ಆದರೆ ಮಳೆ ಲೆಕ್ಕ ತಪ್ಪಿ ಸುರಿದರೆ ಕೊಳೆ ಬರುವುದು ನಮ್ಮ ತೋಟಕ್ಕೆ.

ಅದಕ್ಕೇ ಈಗ ಮತ್ತೆ ಗಾಳಿಯ ನೆನಪಾಗಿದೆ. 2023ರಲ್ಲಿ ಪಿಕ್ಸಿಸ್ ಓಶನ್ ಎಂಬ ಸರಕು ಹಡಗಿಗೆ ವಿಮಾನದ ರೆಕ್ಕೆಯಂಥ ಎರಡು ಗಟ್ಟಿ ಹಾಯಿ ನಿಲ್ಲಿಸಿದರು. ಎತ್ತರ 37.5 ಮೀಟರ್. ಎರಡು ದೊಡ್ಡ ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದ ಹಾಗೆ! ಮೊದಲ 6 ತಿಂಗಳಲ್ಲಿ ಸರಾಸರಿ ದಿನಕ್ಕೆ 3 ಟನ್ ಎಣ್ಣೆ ಉಳಿಯಿತಂತೆ. 3 ಟನ್ ಅಂದ್ರೆ 30 ಕ್ವಿಂಟಲ್. ಅಡಿಕೆ ತೂಗುವ ಮನೆಯವರಿಗೆ ಇದು ಎಷ್ಟೆಂದು ಹೇಳಬೇಕಾಗಿಲ್ಲ.

ಇನ್ನೊಂದು ಜಾತಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಹಾಯಿಯೇ ಇಲ್ಲ, ತಿರುಗುವ ಕಂಬ! ಮೋಟಾರಿನಿಂದ ಕಂಬ ಗರಗರ ತಿರುಗುತ್ತದೆ. ಬದಿಯಿಂದ ಬಂದ ಗಾಳಿ ಕಂಬದ ಒಂದು ಮಗ್ಗುಲಲ್ಲಿ ತಿರುಗುವ ದಿಕ್ಕಿಗೇ ಸೇರಿ ಜೋರಾಗುತ್ತದೆ, ಅಲ್ಲಿ ಒತ್ತಡ ಕಡಿಮೆ. ಇನ್ನೊಂದು ಮಗ್ಗುಲಲ್ಲಿ ಎದುರಾಗಿ ನಿಧಾನವಾಗುತ್ತದೆ, ಅಲ್ಲಿ ಒತ್ತಡ ಹೆಚ್ಚು. ಹೆಚ್ಚಿನ ಕಡೆಯಿಂದ ಕಡಿಮೆ ಕಡೆಗೆ ಕಂಬವನ್ನು ತಳ್ಳಿದಾಗ ಹಡಗು ಮುಂದೆ ಹೋಗುತ್ತದೆ. ಜರ್ಮನಿಯ ಆಂಟನ್ ಫ್ಲೆಟ್ನರ್ ಮಾಡಿದ ಇಂಥ ಹಡಗು 1926ರಲ್ಲೇ ಅಟ್ಲಾಂಟಿಕ್ ದಾಟಿತ್ತು. ಆಗ ಎಣ್ಣೆ ಅಗ್ಗ, ಯಾರಿಗೂ ಬೇಡವಾಯ್ತು. 2018ರಲ್ಲಿ ಮೆರ್ಸ್ಕ್ ಪೆಲಿಕನ್ ಎಂಬ ಎಣ್ಣೆ ಹಡಗಿಗೆ 30 ಮೀಟರಿನ ಎರಡು ಕಂಬ ಹಾಕಿ ಒಂದು ವರ್ಷ ನೋಡಿದರು. ನೂರಕ್ಕೆ 8.2 ಪಾಲು ಎಣ್ಣೆ ಉಳಿಯಿತು.

ಎಂಜಿನ್ ಬೇಡವೇ ಬೇಡ ಅಂತ ಅಲ್ಲ. ಗಾಳಿ ನಿಂತ ದಿನ ಅದೇ ಗತಿ. ಡಬ್ಬಿ ಪೇರಿಸುವ ಹಡಗಿನಲ್ಲಿ ಕಂಬಕ್ಕೆ ಜಾಗ ಸಿಗುವುದೂ ಕಷ್ಟ, ಕ್ರೇನಿಗೆ ಅಡ್ಡ ಬರ್ತದೆ.

ತಿರುಗುವ ಕಂಬ ನಂಬಿಕೆ ಆಗದಿದ್ದರೆ ಹೀಗೆ ಮಾಡಿ ನೋಡಿ. ಹಳೇ ಪಟ್ಟಿಯ ಹಾಳೆ ಸುತ್ತಿ ಹಗುರವಾದ ಕೊಳವೆ ಮಾಡಿ ಅಂಟಿಸಿ. ಮೇಜಿನ ಮೇಲೆ ಹಲಗೆಯನ್ನು ಓರೆಯಾಗಿ ಇಟ್ಟು ಕೊಳವೆಯನ್ನು ಉರುಳಿಸಿ ಬಿಡಿ. ಅದು ಮುಂದಕ್ಕೆ ಹಾರಿ ಬೀಳುವುದಿಲ್ಲ, ತಿರುಗುತ್ತಾ ಮೇಜಿನ ಅಡಿಗೇ ಬಗ್ಗಿ ಬರುತ್ತದೆ. ಫ್ಯಾನ್ ಮಾತ್ರ ಆರಿಸಿರಬೇಕು.