ತೇರಿನ ಬಯಲು ಅಳೆದ ಲೆಕ್ಕ



ಪೌರನೀತಿಯಲ್ಲಿ ಗ್ರಾಮಸಭೆ ಪಾಠ ಬಂದಾಗ ನಾವೆಲ್ಲಾ ಪ್ರಶ್ನೋತ್ತರ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಟ್ಟೆವು. ಈ ವರ್ಷ ಆ ಪಾಠ ನಾವು ಆಡುವ ಜಾಗಕ್ಕೇ ಬಂದು ನಿಂತಿತು. ಅದಕ್ಕೇ ಈ ಲೇಖನ. ನಕ್ಷೆ ಪಕ್ಕದ ಹಾಳೆಯಲ್ಲಿದೆ. ಗೋಂದು ಇನ್ನೂ ಒಣಗಿಲ್ಲ, ದಯವಿಟ್ಟು ಮುಟ್ಟಬೇಡಿ.

ತೇರಿನ ಬಯಲು ಯಾವುದು ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಆದರೆ ಹೊಸದಾಗಿ ಬಂದಿರುವ ಮೇಡಂ ಕೇಳಿದ್ದರಿಂದ ಬರೆಯುತ್ತೇನೆ. ದೇವಸ್ಥಾನದ ಮುಂದಿರುವ ಖಾಲಿ ಜಾಗವೇ ಅದು. ವರ್ಷಕ್ಕೊಂದು ಸಲ ತೇರು, ಅದೇ ರಾತ್ರಿ ಕುರುಕ್ಷೇತ್ರ ನಾಟಕ, ವಾರಕ್ಕೊಂದು ಸಂತೆ, ರಾಗಿ ಕೊಯ್ಲಾದ ಮೇಲೆ ಕಣ, ಮಿಕ್ಕ ದಿನವೆಲ್ಲಾ ನಮ್ಮ ಆಟ. ನಮ್ಮ ಶಾಲೆಗೆ ಬೇರೆ ಮೈದಾನವೇ ಇಲ್ಲ.

ಒಂದು ದಿನ ಪಂಚಾಯಿತಿ ಗೋಡೆಗೆ ನೋಟೀಸು ಅಂಟಿಸಿದರು. ಆಟೋದಲ್ಲಿ ಮೈಕು ಕಟ್ಟಿ ಕೂಗಿಕೊಂಡೂ ಹೋದರು. ತೇರಿನ ಬಯಲನ್ನು ಅಭಿವೃದ್ಧಿ ಮಾಡಿ ಸಮುದಾಯ ಭವನ ಕಟ್ಟುವ ವಿಚಾರ, ಗ್ರಾಮಸಭೆಯಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಲಾಗುವುದು, ಎಲ್ಲರೂ ಬನ್ನಿ ಅಂತ.

ಪಾಠದಲ್ಲಿದ್ದ ವಿಷಯವನ್ನು ಇಲ್ಲಿ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆ 1993ನೇ ಇಸವಿಯದು. ಅದರ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೆ ಒಂದು ಸಲವಾದರೂ ಸಭೆ ನಡೆಯಲೇಬೇಕು. ಮತದಾರರಲ್ಲಿ ಹತ್ತರಲ್ಲೊಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಸೇರಿದವರಲ್ಲಿ ಹೆಂಗಸರು ನೂರಕ್ಕೆ ಮೂವತ್ತರಷ್ಟಾದರೂ ಇರಬೇಕು. ಇದನ್ನು ಓದಿದಾಗ ನನಗೆ ತುಂಬಾ ಒಳ್ಳೆಯ ಕಾಯಿದೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ಆದರೆ ಸಭೆಯಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ಪಾಠದಲ್ಲಿ ಇರಲಿಲ್ಲ.

ನಾನು ಅಮ್ಮನ ಜೊತೆ ಹೋಗಿ ಹಿಂದುಗಡೆ ಕೂತಿದ್ದೆ. ಬಹಳ ಹೊತ್ತು ಚರಂಡಿ, ಮನೆ, ಬೀದಿ ದೀಪದ ಗಲಾಟೆಯೇ ನಡೆಯಿತು. ಕೊನೆಗೆ ಎಲ್ಲರೂ ಏಳುವ ಹೊತ್ತಿಗೆ ಒಬ್ಬರು, "ಭವನ ಬೇಕೋ ಬೇಡವೋ? ಬೇಕು ಅನ್ನೋರು ಕೈ ಎತ್ತಿ" ಅಂದರು. ಎಲ್ಲರೂ ಕೈ ಎತ್ತಿದರು. ನಮ್ಮಮ್ಮನೂ ಎತ್ತಿದರು. ನನಗೆ ಅಳುವೇ ಬಂತು.

ಮನೆಗೆ ಬಂದು ಜಗಳ ಮಾಡಿದೆ. ಅದಕ್ಕೆ ಅಮ್ಮ, "ನಿಮ್ಮ ಚಿಕ್ಕಮ್ಮನ ಮದುವೇಲಿ ಮಳೆ ಬಂದು ಶಾಮಿಯಾನ ಹರಿದು ಅನ್ನಕ್ಕೆಲ್ಲಾ ನೀರು ಬಿತ್ತು, ನೆನಪಿಲ್ವಾ? ತಾಲ್ಲೂಕಿನ ಛತ್ರದ ಬಾಡಿಗೆ ಕಟ್ಟೋಕೆ ಯಾರತ್ರ ಇದೆ ದುಡ್ಡು?" ಅಂದರು. ಅದು ನಿಜ. ಆವತ್ತು ನಾನೂ ನೆನೆದಿದ್ದೆ. ಅಮ್ಮನಿಗೆ ಭವನ ಬೇಕು, ನಮಗೆ ಬಯಲು ಬೇಕು. ಯಾರದ್ದು ಸರಿ ಅಂತ ನನಗೆ ತಿಳಿಯಲಿಲ್ಲ.

ಮಾರನೇ ದಿನ ಶಾಲೆಯಲ್ಲಿ ನಾವೆಲ್ಲಾ ಸೇರಿ 'ಭವನ ಬೇಡ' ಅಂತ ಅರ್ಜಿ ಬರೆದೆವು. ನಮ್ಮ ಮೇಷ್ಟ್ರು ಓದಿ ಮಡಿಸಿ ವಾಪಸ್ಸು ಕೊಟ್ಟರು. "ಬೇಡ ಅಂತ ಬರೆದರೆ ಊರವರೆಲ್ಲಾ ಬೇಕು ಅಂದಿದ್ದಾರೆ ಅಂತಾರೆ, ಅಲ್ಲಿಗೆ ಮುಗೀತು. ಬಯಲು ಎಷ್ಟಿದೆ, ಎಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತೇನ್ರೋ? ತಿಳ್ಕೊಂಡು ಬನ್ನಿ" ಅಂದರು.

ಒಂದು ಕಥೆಯನ್ನೂ ಹೇಳಿದರು. ಅದು ನಿಜವಾಗಿ ನಡೆದದ್ದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಒಳ್ಳೆಯದೇ ಅಲ್ವಾ ಸಾರ್ ಅಂತ ನಾನು ಕೇಳಿದೆ. ಒಳ್ಳೆಯದೇ, ಆದರೆ ಎಲ್ಲರ ಜಾಗವನ್ನು ಹಾಗೆ ತೆಗೆದುಕೊಡುವಂತಿಲ್ಲ ಅಂತ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತಂತೆ. ಹಳ್ಳಿಗಳ ಕೆರೆ, ಗೋಮಾಳದಂಥ ಸಾರ್ವಜನಿಕ ಜಾಗಗಳನ್ನು ಒತ್ತುವರಿ ಮಾಡಬಾರದು ಅಂತ ಅದೇ ಕೋರ್ಟು 2011ರಲ್ಲಿ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಹೇಳಿದೆ. ಈ ಎರಡನೆಯದನ್ನು ಕೇಳಿದಾಗ ನನಗೇನೂ ಅನ್ನಿಸಲಿಲ್ಲ. ಆಮೇಲೆ ಅನ್ನಿಸಿತು, ಮುಂದೆ ಓದಿ.

ಈಗ ಅಳತೆಯ ವಿಷಯ. ತೆಂಗಿನ ನಾರಿನ ಹಗ್ಗ ತಂದು ಶಾಲೆಯ ಮೀಟರ್ ಕೋಲಿನಿಂದ ಹತ್ತು ಮೀಟರ್ ಗುರುತು ಮಾಡಿ, ಒಂದೊಂದು ಮೀಟರಿಗೂ ಕೆಂಪು ದಾರ ಕಟ್ಟಿದೆವು. ಮೊದಲನೇ ಸಲ ಉದ್ದ 79 ಮೀಟರ್ ಬಂತು. ಇನ್ನೊಂದು ಗುಂಪು ಅಳೆದಾಗ 82 ಬಂತು. ನಾವು ಸರಿ ನೀವು ತಪ್ಪು ಅಂತ ದೊಡ್ಡ ಜಗಳ. ಆಮೇಲೆ ಗೊತ್ತಾಯಿತು, ಮೊದಲ ಗುಂಪಿನ ಹುಡುಗರು ತೇರು ಎಳೆದ ಹಾಗೆ ಹಗ್ಗ ಎಳೆದಿದ್ದರು. ಹಗ್ಗ ಹಿಗ್ಗಿದರೆ ಅಳತೆ ಕಡಿಮೆ ಬರುತ್ತದೆ. ಹದವಾಗಿ ಹಿಡಿದು ಮೂರು ಸಲ ಅಳೆದಾಗ ಉದ್ದ 82, ಅಗಲ 61 ಮೀಟರ್ ಅಂತ ನಿಂತಿತು.

82ನ್ನು 61ರಿಂದ ಗುಣಿಸಿದರೆ 5002 ಚದರ ಮೀಟರ್. ಒಂದು ಗುಂಟೆ ಅಂದರೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1089 ಚದರ ಅಡಿ. ಮೀಟರಿನಲ್ಲಿ ಹೇಳಿದರೆ ಸುಮಾರು 101 ಚದರ ಮೀಟರ್. ಹಾಗಾಗಿ ನಮ್ಮ ಬಯಲು ಸುಮಾರು ನಲವತ್ತೊಂಬತ್ತೂವರೆ ಗುಂಟೆ. ಪಹಣಿಯಲ್ಲಿ 1 ಎಕರೆ 10 ಗುಂಟೆ, ಬಿ ಖರಾಬು ಅಂತ ಇದೆ. ಬಿ ಖರಾಬು ಎಂದರೆ ರಸ್ತೆ, ಕೆರೆ, ಸ್ಮಶಾನದ ಹಾಗೆ ಸಾರ್ವಜನಿಕರಿಗೆ ಬಿಟ್ಟ ಜಾಗ, ಯಾರ ಸ್ವಂತವೂ ಅಲ್ಲ. ಒಂದು ಎಕರೆಗೆ ನಲವತ್ತು ಗುಂಟೆ, ಹತ್ತು ಸೇರಿದರೆ ಐವತ್ತು. ಅರ್ಧ ಗುಂಟೆ ಎಲ್ಲಿ ಹೋಯಿತು?

"ಹಗ್ಗದ ಅಳತೆಯಲ್ಲಿ ಅಷ್ಟು ಹೆಚ್ಚು ಕಡಿಮೆ ಆಗುತ್ತೆ, ಬಾಂದು ಕಲ್ಲು ನೋಡಿ" ಅಂದರು ಮೇಷ್ಟ್ರು. ಮೂರು ಮೂಲೆಯಲ್ಲಿ ಕಲ್ಲು ಸಿಕ್ಕಿತು. ವಾಯವ್ಯ ಮೂಲೆಯಲ್ಲಿ ಸಿಗಲಿಲ್ಲ. ಅಲ್ಲಿ ನಾಲ್ಕು ತಿಪ್ಪೆಗಳಿವೆ. ಕೋಲಿನಿಂದ ಕೆದಕಿದಾಗ ಕಲ್ಲು ಮೂರನೇ ತಿಪ್ಪೆಯೊಳಗೆ ಠಣ್ ಅಂತು. ಆ ಮೂರನೇ ತಿಪ್ಪೆ ನಮ್ಮ ಮನೆಯದು.

ಎಲ್ಲರೂ ನನ್ನ ಮುಖ ನೋಡಿದರು. ಸುಳ್ಳು ಯಾಕೆ ಹೇಳಲಿ, ನಕ್ಷೆಯಲ್ಲಿ ಆ ಮೂಲೆಯನ್ನು ಬಿಟ್ಟುಬಿಡೋಣ ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನನ್ನ ಗೆಳತಿ ಅದನ್ನು ಬರೆದಾಗಿತ್ತು.

ಪಂಚಾಯಿತಿಯ ನಕ್ಷೆಯಲ್ಲಿ ಭವನ 30 ಮೀಟರ್ ಉದ್ದ, 18 ಮೀಟರ್ ಅಗಲ, ಬಯಲಿನ ನಟ್ಟನಡುವೆ. ಅದು 540 ಚದರ ಮೀಟರ್. ಇಡೀ ಬಯಲಿನ ಹತ್ತರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಕೇಳಿದರೆ ಕಡಿಮೆಯೇ ಅನ್ನಿಸುತ್ತದೆ. ಕಬಡ್ಡಿಗೆ ಏನೂ ತೊಂದರೆಯಿಲ್ಲ, ದೊಡ್ಡವರ ಅಂಕಣಕ್ಕೂ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ಖೋ ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು, ಅಡ್ಡ ತಿರುಗಿಸಿದರೆ ಅದೂ ಹಿಡಿಯುತ್ತದೆ. ಹಾಗಾದರೆ ನಾವು ಸುಮ್ಮನೆ ಅತ್ತೆವಾ ಅಂತ ನಮಗೇ ನಾಚಿಕೆಯಾಯಿತು.

ಆಮೇಲೆ ಓಟದ ನೆನಪಾಯಿತು. ಬಯಲಿನ ಉದ್ದವೇ 82 ಮೀಟರ್ ಇರುವಾಗ ನಾವು 100 ಮೀಟರ್ ಓಟ ಓಡುವುದು ಹೇಗೆ? ಮೂಲೆಯಿಂದ ಮೂಲೆಗೆ! ಪೈಥಾಗೋರಸನ ಲೆಕ್ಕ ಮಾಡಿ. 82ರ ವರ್ಗ 6724, 61ರ ವರ್ಗ 3721, ಕೂಡಿದರೆ 10445. ಅದರ ವರ್ಗಮೂಲ 102ಕ್ಕಿಂತ ಸ್ವಲ್ಪ ಜಾಸ್ತಿ. ಯಾವ ಕಾಲದ ಡ್ರಿಲ್ ಮೇಷ್ಟ್ರು ಇದನ್ನು ಕಂಡುಹಿಡಿದರೋ, ಅವರಿಗೆ ನಮಸ್ಕಾರ. ಕಟ್ಟಡ ನಡುವೆ ಬಂದರೆ ಎರಡು ಕರ್ಣಗಳೂ ಕಡಿದುಹೋಗುತ್ತವೆ. ಮೂಲೆಯಲ್ಲಿ ಬಂದರೆ ಒಂದು ಕರ್ಣ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇಕೋ ಬೇಡವೋ ಅಂತಲ್ಲ, ಎಲ್ಲಿ ಅಂತ.

ಯಾವ ಮೂಲೆ? ಒಂದರಲ್ಲಿ ತೇರಿನ ಮನೆ ಇದೆ, ಒಂದರಲ್ಲಿ ಅರಳಿಕಟ್ಟೆ, ಒಂದರಲ್ಲಿ ಸಂತೆಯ ದಾರಿ. ಉಳಿದದ್ದು ತಿಪ್ಪೆಯ ಮೂಲೆ.

ಕೈ ಎತ್ತಿದವರನ್ನು ಬಿಟ್ಟು ಬೇರೆಯವರನ್ನೂ ಕೇಳೋಣ ಅಂತ ಸಂತೆಯ ದಿನ ಹೋದೆವು. ಬಳೆ ಮಾರುವ ಅಮ್ಮ, "ನಂಗೆ ನಿಮ್ಮೂರಲ್ಲಿ ಓಟಿಲ್ಲ ಕಣವ್ವ, ನನ್ನನ್ಯಾಕೆ ಕೇಳ್ತೀಯ" ಅಂದರು. ನಮಗೂ ಓಟಿಲ್ಲ ಅಂದೆ. ಅವರು ನಕ್ಕು, ಸಂತೆ ಕಟ್ಟೆ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಬೆಳಗಿನಿಂದ ಸಂಜೆವರೆಗೂ ಹೆಂಗಸರು ಹೋಗೋಕೆ ಒಂದು ಶೌಚಾಲಯ ಇಲ್ಲ ಅಂದರು. ಅಮ್ಮನಿಗೆ ಹೇಳಿದರೆ ಜಾತ್ರೆಯಲ್ಲೂ ಅದೇ ಕಷ್ಟ ಅಂದರು. ನೋಟೀಸಿನಲ್ಲಿ ಶೌಚಾಲಯದ ಮಾತೇ ಇರಲಿಲ್ಲ. ನಮಗೂ ಹೊಳೆದಿರಲಿಲ್ಲ.

ಹದಿನೆಂಟು ತುಂಬದವರಿಗೆ ಗ್ರಾಮಸಭೆಯಲ್ಲಿ ಮತವಿಲ್ಲ. ಆದರೆ ಮಕ್ಕಳಿಗೆ ಆಡುವ ಹಕ್ಕೂ ಇದೆ, ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವ ಹಕ್ಕೂ ಇದೆ ಅಂತ ವಿಶ್ವಸಂಸ್ಥೆಯ 1989ರ ಒಡಂಬಡಿಕೆ ಹೇಳುತ್ತದೆ. ಅದನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಕುಂದಾಪುರದ ಕಡೆ 1995ರಲ್ಲೇ ಮಕ್ಕಳ ಪಂಚಾಯಿತಿ ಶುರುವಾಗಿತ್ತಂತೆ. 2006ರಿಂದ ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ನಡೆಸುತ್ತಾರೆ. ನಮ್ಮೂರಿನಲ್ಲಿ ಅಂದರೆ ಬಿಸ್ಕತ್ತು ಹಂಚಿ, ಒಂದು ಹಾಡು ಹೇಳಿಸಿ, ಫೋಟೋ ತೆಗೆದು ಕಳಿಸುತ್ತಿದ್ದರು. ಈ ಸಲ ನಾವು ಮೊದಲೇ ಹೋಗಿ ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಬಯಲನ್ನು ಬರೆದಿದ್ದೆವು. ಒಂದು ಮೀಟರಿಗೆ ಐದು ಸೆಂಟಿಮೀಟರ್. ಭವನಕ್ಕೆ ಅದೇ ಅಳತೆಯಲ್ಲಿ ಕತ್ತರಿಸಿದ ರಟ್ಟು.

ನನ್ನನ್ನು ಮಾತಾಡು ಅಂದಾಗ ಗಂಟಲು ಕಟ್ಟಿತು. ಬಿಸ್ಕತ್ತು ಬೇರೆ ಬಾಯಲ್ಲಿತ್ತು. ಸುಮ್ಮನೆ ರಟ್ಟನ್ನು ನಡುವೆ ಇಟ್ಟೆ. ನೋಡಲು ಬಂದಿದ್ದ ಹಿರಿಯರೊಬ್ಬರು, ಗ್ರಾಮಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವರು, ಬಗ್ಗಿ ನೋಡಿ, "ಅಯ್ಯೋ, ಹಿಂಗಿಟ್ರೆ ತೇರು ಎಲ್ಲಿ ತಿರುಗಿಸ್ತೀರ್ರೋ?" ಅಂದರು. ನಮ್ಮ ತೇರು ಬೇಕಾದಲ್ಲಿ ತಿರುಗುವುದಿಲ್ಲ. ನಡುಬಯಲಿಗೆ ಎಳೆದು ತಂದು, ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಇದು ಊರಿನ ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆವತ್ತು ಕೈ ಎತ್ತುವಾಗ ಒಬ್ಬರಿಗೂ ನೆನಪಾಗಿರಲಿಲ್ಲ, ನನಗೂ.

ಪಿಡಿಓ ಸಾಹೇಬರು ರಟ್ಟನ್ನು ತಾವೇ ಎತ್ತಿ ನಾಲ್ಕೂ ಮೂಲೆಗೆ ಇಟ್ಟು ನೋಡಿದರು. ವಾಯವ್ಯದಲ್ಲಿಟ್ಟಾಗ, "ಇಲ್ಲಿ ಏನೈತೆ?" ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ನಾನೇ "ತಿಪ್ಪೆ ಸಾರ್, ಒಂದು ನಮ್ಮದು" ಅಂದೆ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಜಾಗ ಬದಲಾವಣೆ, ಹೆಂಗಸರ ಶೌಚಾಲಯ, ತಿಪ್ಪೆ ತೆರವು, ಮೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿ ಸಾರ್ ಅಂತ ಮೇಷ್ಟ್ರು ಕೇಳಿದ್ದರಿಂದ ಓದಿಯೂ ಹೇಳಿದರು. ಇನ್ನೂ ಏನೂ ತೀರ್ಮಾನವಾಗಿಲ್ಲ. ಎಂಜಿನಿಯರು ಬಂದು ಟೇಪು ಹಿಡಿದು ನೋಡಬೇಕು, ಅಂದಾಜು ಪಟ್ಟಿ ಬದಲಾಗಬೇಕು, ಮುಂದಿನ ಗ್ರಾಮಸಭೆಗೆ ಬರಬೇಕು. ಆ ಸಭೆಗೆ ನಿಮ್ಮ ನಿಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ, ಬರುವ ಮುಂಚೆ ಈ ನಕ್ಷೆ ತೋರಿಸಿ. ಹಗ್ಗ ಶಾಲೆಯ ಬೀರುವಿನಲ್ಲಿದೆ. ನಮ್ಮ ಅಳತೆಯಲ್ಲಿ ತಪ್ಪಿದೆ ಅನ್ನುವವರು ಮೇಷ್ಟ್ರನ್ನು ಕೇಳಿ ತೆಗೆದುಕೊಳ್ಳಬಹುದು.

ಮನೆಯಲ್ಲಿ ಎರಡು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. "ಊರಿನ ನಾಲ್ಕು ತಿಪ್ಪೇಲಿ ನಮ್ಮದೊಂದೇ ಕಾಣಿಸ್ತೇನವ್ವ ನಿನಗೆ?" ಅಂತ ಅಜ್ಜಿ ಹತ್ರ ಹೇಳುವ ಹಾಗೆ ನನಗೆ ಹೇಳಿದರು. ಕಲ್ಲು ಇದ್ದದ್ದು ಅದರಲ್ಲೇ ಅಂತ ನಾನು ಹೇಳಲಿಲ್ಲ. ಮೊನ್ನೆ ಭಾನುವಾರ ಅವರೇ ಗಾಡಿ ಕಟ್ಟಿ ಎರಡು ಗಾಡಿ ಗೊಬ್ಬರ ಹೊಲಕ್ಕೆ ಹೊಡೆದರು. ಮಿಕ್ಕಿದ್ದು ರಾಗಿ ಕೊಯ್ಲು ಮುಗಿದ ಮೇಲಂತೆ. ಬಾಂದು ಕಲ್ಲಿನ ತಲೆ ಈಗ ಒಂದು ಗೇಣು ಕಾಣುತ್ತದೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ